ಹಂತಕ್ಕೂ ಅಂಕಿಗೂ ಒಂದೇ ಜಾಗ

1977ರ ಟಿಐ-59 ಕ್ಯಾಲ್ಕುಲೇಟರ್‌ನಲ್ಲಿ ಪ್ರೋಗ್ರಾಮಿನ ಹಂತಗಳೂ ಅಂಕಿಗಳೂ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ; ಒಂದು ಮೆಮೊರಿ ಬೇಕೆಂದರೆ ಎಂಟು ಹಂತ ಬಿಟ್ಟುಕೊಡಬೇಕು. ಸ್ವಿಚ್ ಹಾಕಿದಾಗ ಇರುವುದು 480 ಹಂತ, 60 ಮೆಮೊರಿ. ಹಂಚಿಕೆ ಬದಲಿಸಲು 3 ಒತ್ತಿ ಆಪ್ 17 ಎಂಬ ಆದೇಶ ಕೊಟ್ಟರೆ ಪರದೆಯಲ್ಲಿ 719.29 ಮೂಡುತ್ತದೆ: ಹಂತಗಳು 0ರಿಂದ 719, ಮೆಮೊರಿಗಳು 0ರಿಂದ 29. ಈ ಹಂಚಿಕೆಯನ್ನು ಬಳಸುವವರ ಕೈಗೆ ಬಿಟ್ಟದ್ದೇ ಸರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ನೀರಾವರಿ ಸೀಮೆಯ ಲೆಕ್ಕಗಳನ್ನೇ ನೋಡಿ. ಮ್ಯಾನಿಂಗ್ ಸೂತ್ರದಿಂದ ಕಾಲುವೆ ನೀರಿನ ವೇಗ ತೆಗೆಯಲು ತಳದ ಅಗಲ, ಆಳ, ದಡದ ಓರೆ, ಇಳಿಜಾರು, ಒರಟುತನದ ಗುಣಾಂಕ ಸಾಕು. ಹತ್ತು ಮೆಮೊರಿ ಧಾರಾಳ. ಅದೇ ಕಾಲುವೆಯ ಸರ್ವೆಯಲ್ಲಿ 30 ಬಿಂದುಗಳಿದ್ದರೆ, ಬಿಂದುವಿಗೆರಡು ನಿರ್ದೇಶಾಂಕಗಳಂತೆ 60 ಮೆಮೊರಿಯೂ ಭರ್ತಿ.

ಬಳಸುವವರಿಗೇಕೆ ಈ ಹೊರೆ ಎಂಬ ಆಕ್ಷೇಪದಲ್ಲಿ ಹುರುಳಿದೆ: ಮೆಮೊರಿ ಹೆಚ್ಚಿಸಿ ಅಂಕಿ ತುಂಬಿದರೆ ಉದ್ದದ ಪ್ರೋಗ್ರಾಮಿನ ಕೊನೆಯ ಹಂತಗಳು ಅಳಿಸಿಹೋಗಬಹುದು. ಆದರೆ ಪಾಲು ಮೊದಲೇ ಗೊತ್ತುಮಾಡಿಟ್ಟ ಯಂತ್ರದ ಕಷ್ಟ ಇನ್ನೂ ದೊಡ್ಡದು. ಕ್ಯಾಸಿಯೊ ಎಫ್‌ಎಕ್ಸ್-3600ಪಿಯಲ್ಲಿ 38 ಹಂತ, 7 ಮೆಮೊರಿ. 39ನೆಯ ಹಂತ ಬೇಕಾದಾಗ ಖಾಲಿ ಮೆಮೊರಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಟಿಐ-59ರಲ್ಲಿ ಅಳಿಸುವ ಭಯಕ್ಕೆ ಉಪಾಯವೂ ಇತ್ತು: ಹಂಚಿಕೆ ಬದಲಿಸುವ ಮುನ್ನ ಪ್ರೋಗ್ರಾಮನ್ನು ಕಾಂತೀಯ ಕಾರ್ಡಿಗೆ ಇಳಿಸಿಕೊಳ್ಳಬಹುದಿತ್ತು.