ತೊಂಬತ್ತು ಸೆಕೆಂಡಿನ ಲೆಕ್ಕ

ಚೆರ್ನೋಬಿಲ್ ಎಂದೊಡನೆ 1986ರ ಏಪ್ರಿಲ್ 26ರ ಸ್ಫೋಟವೇ ಎಲ್ಲರ ನೆನಪಿಗೆ ಬರುತ್ತದೆ. ಅಲ್ಲಿ ಚೆಲ್ಲಿದ್ದ ವಿಷವನ್ನು ಗುಡಿಸಿ ತೆಗೆದವರ ಇತಿಹಾಸ ಅಷ್ಟು ಪ್ರಚಾರ ಪಡೆಯಲಿಲ್ಲ.

ಮೊದಲ ರಾತ್ರಿ ಯೋಜನೆಯೆಂಬುದೇ ಇರಲಿಲ್ಲ. ಅಗ್ನಿಶಾಮಕ ದಳದವರು ಸಾಮಾನ್ಯ ಬೆಂಕಿಗೆ ತೊಡುವ ಉಡುಪಿನಲ್ಲಿಯೇ ಛಾವಣಿ ಏರಿದರು. ಸ್ಥಾವರದವರ ಕೈಗೆ ಸಿಕ್ಕ ಮಾಪಕಗಳು ಗಂಟೆಗೆ 3.6 ರಾಂಟ್‌ಜನ್‌ಗಿಂತ ಹೆಚ್ಚಿನದನ್ನು ತೋರಿಸಲಾರವು. ಮುಳ್ಳು ಅಲ್ಲಿಯೇ ನಿಂತಿತು, ಕೆಲವರು ಅದನ್ನೇ ನಿಜವಾದ ಪ್ರಮಾಣವೆಂದು ಮೇಲಿನವರಿಗೆ ವರದಿ ಮಾಡಿದರು. ತೀವ್ರ ವಿಕಿರಣ ರೋಗಕ್ಕೆ ತುತ್ತಾದವರು 134 ಮಂದಿ. ಅವರಲ್ಲಿ 28 ಮಂದಿ ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು.

ಸೆಪ್ಟೆಂಬರ್ ವೇಳೆಗೆ ಚಿತ್ರ ಬದಲಾಗಿತ್ತು. ಛಾವಣಿಯ ಮೇಲೆ ಗ್ರಾಫೈಟ್ ತುಂಡುಗಳು ಬಿದ್ದಿದ್ದವು, ಅವನ್ನು ತೆಗೆಯಲೇಬೇಕಿತ್ತು. ಪಶ್ಚಿಮ ಜರ್ಮನಿಯಿಂದ ತರಿಸಿದ್ದ 'ಜೋಕರ್' ಎಂಬ ಯಂತ್ರ ಕೆಟ್ಟು ನಿಂತಿತು. ಕೊನೆಗೆ ಜನರಲ್ ನಿಕೊಲಾಯ್ ತರಕಾನೊವ್ ಅವರ ಉಸ್ತುವಾರಿಯಲ್ಲಿ 3,000ಕ್ಕೂ ಹೆಚ್ಚು ಸೈನಿಕರು ಮೇಲೇರಿದರು. ಅವರಿಗೆ 'ಜೈವಿಕ ರೋಬೋಟ್‌ಗಳು' ಎಂಬ ಹೆಸರು ಬಿತ್ತು. ಮನುಷ್ಯನನ್ನು ಹಾಗೆ ಕರೆಯುವುದು ನನಗಂತೂ ಇಂದಿಗೂ ಸಹಿಸದು.

ಆ ಕೆಲಸಕ್ಕೆ ನಿಗದಿಯಾಗಿದ್ದ ಮಿತಿ 25 ರೆಮ್, ಎಂದರೆ 250 ಮಿಲಿಸೀವರ್ಟ್. ನನ್ನ ತರಗತಿಯಲ್ಲಿ ಕುಳಿತಿದ್ದವರು ಈ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲಿರಿ: ಗಂಟೆಗೆ 1,000 ರೆಮ್ ಇರುವ ಸ್ಥಳದಲ್ಲಿ 25 ರೆಮ್ ತಗಲಲು ಎಷ್ಟು ಹೊತ್ತು ಬೇಕು? ತೊಂಬತ್ತು ಸೆಕೆಂಡು! ಆದುದರಿಂದ ಅಲ್ಲಿ ನಿಜವಾದ ರಕ್ಷಾಕವಚವೆಂದರೆ ಗಡಿಯಾರವೇ. ಸೈನಿಕರು ಸೀಸದ ತಗಡು ಕತ್ತರಿಸಿ ಮೈಗೆ ಕಟ್ಟಿಕೊಂಡರು. ಯಾವ ತುಂಡನ್ನು ಎತ್ತಬೇಕು, ಎಲ್ಲಿಂದ ಓಡಬೇಕು ಎಂಬುದನ್ನು ಮೊದಲೇ ದೂರದರ್ಶನದ ಪರದೆಯ ಮೇಲೆ ನೋಡಿಕೊಂಡರು. ಸೈರನ್ ಕೂಗಿದೊಡನೆ ಓಟ. ಒಂದೆರಡು ಸಲಿಕೆ ಬಾಚಿ, ಒಡೆದ ರಿಯಾಕ್ಟರಿನ ಬಾಯಿಗೆ ಚೆಲ್ಲಿ, ಮತ್ತೊಂದು ಸೈರನ್‌ಗೆ ಹಿಂದಿರುಗುವುದು. ಎಷ್ಟೋ ಮಂದಿಗೆ ಇಡೀ ಜೀವಮಾನದಲ್ಲಿ ಅಲ್ಲಿದ್ದ ಕೆಲಸ ಅಷ್ಟೇ.

ಯೋಜನೆ ಎಡವಿದ್ದು ಬರೆಹದಲ್ಲಿ. ಎಷ್ಟೋ ಕಡೆ ಒಂದು ತಂಡಕ್ಕೆಲ್ಲ ಸೇರಿ ಒಂದೇ ಮಾಪಕ. ಅದು ತೋರಿದ ಅಂಕಿಯೇ ಎಲ್ಲರ ಹೆಸರಿನ ಮುಂದೆಯೂ. ಗ್ರಾಫೈಟಿನ ಪಕ್ಕದಲ್ಲಿ ನಿಂತವನಿಗೂ ಮೆಟ್ಟಿಲ ಬಳಿ ಕಾದವನಿಗೂ ಒಂದೇ ಅಂಕ ಕೊಟ್ಟಂತಾಯಿತು. ಯಾವ ಮೇಷ್ಟರು ತಾನೇ ಇದನ್ನು ಒಪ್ಪಿಯಾರು? ಮಿತಿ ಮೀರಿದ್ದರೂ 25ರೊಳಗೇ ಬರೆದರೆಂದು ಅನೇಕ ಸೈನಿಕರು ಮುಂದೆ ದೂರಿದರು. ವರ್ಷಗಳ ಮೇಲೆ ಕಾಯಿಲೆ ಬಿದ್ದಾಗ ಅವರ ಕೈಯಲ್ಲಿದ್ದ ಪುರಾವೆಯೆಂದರೆ ಆ ಅಂಕಿಯೊಂದೇ.

1987ರಲ್ಲಿ ಮಿತಿಯನ್ನು 10 ರೆಮ್‌ಗೆ ಇಳಿಸಲಾಯಿತು. ಛಾವಣಿಯ ಕೆಲಸ ಅಷ್ಟರಲ್ಲಿ ಮುಗಿದಿತ್ತು.