ಮಂತ್ರ ಬಾರದ ಕಳ್ಳನೂ ಮಂತ್ರದ ಸುರುಳಿಯೂ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಾನು ಯಾವಾಗಲೂ ಕಳ್ಳನೇ. ಮಂತ್ರ ಬಾರದವನ ಕೈಗೆ ಮಂತ್ರ ಸಿಕ್ಕರೆ ಏನಾಗುತ್ತದೆ ಅನ್ನೋ ಕುತೂಹಲ! 1974ರ ಮೊದಲ ನಿಯಮಗಳಲ್ಲಿ ಮಾಂತ್ರಿಕ ಕತ್ತಿ ಹಿಡಿಯುವಂತಿರಲಿಲ್ಲ. ಮಾಯಾಖಡ್ಗಗಳೆಲ್ಲ ಯೋಧನ ಪಾಲು. ಆದರೆ ಕೆಲವು ಖಡ್ಗಗಳಿಗೆ ಸ್ವಂತ ಬುದ್ಧಿ, ಅಹಂಕಾರ; ಒಡೆಯನನ್ನೇ ಆಳಿಬಿಡುತ್ತಿದ್ದವು. 1975ರಲ್ಲಿ 'ಗ್ರೇಹಾಕ್' ಪುಸ್ತಕದೊಂದಿಗೆ ಕಳ್ಳ ಬಂದ. ಹತ್ತನೇ ಹಂತ ಮುಟ್ಟಿದರೆ ಮಾಂತ್ರಿಕರ ಸುರುಳಿ ಓದಿ ಪ್ರಯೋಗಿಸಬಹುದಿತ್ತು. ಗ್ಯಾರಿ ಗೈಗ್ಯಾಕ್ಸ್ 1978ರ ನಿಯಮಪುಸ್ತಕದಲ್ಲಿ ಇದಕ್ಕೊಂದು ಕೊಕ್ಕೆ ಇಟ್ಟರು: ಓದಿದ್ದು ತಪ್ಪಾಗಿ ಅರ್ಥವಾಗುವ ಸಂಭವ ಶೇ. 25, ಉಚ್ಚಾರ ತಪ್ಪಿದರೆ ಮಂತ್ರದ ಫಲವೇ ಉಲ್ಟಾ. (ಸ್ವರ ತಪ್ಪಿ ವೃತ್ರನೇ ಸತ್ತ 'ಇಂದ್ರಶತ್ರು' ಕಥೆ ನೆನಪಾಯಿತೇ?) 2000ದ ಮೂರನೇ ಆವೃತ್ತಿಯಲ್ಲಿ ಇದು ಮೊದಲ ಹಂತದಿಂದಲೇ ಕಲಿಯಬಹುದಾದ ಕೌಶಲವಾಯಿತು. ಅನುಕೂಲವೇನೋ ಹೌದು... ನನಗೆ ಮಾತ್ರ ಸುರುಳಿ ಬಿಚ್ಚುವಾಗ ನಾಲಿಗೆ ತೊದಲುವ ಆ ಹಳೆಯ ಕಳ್ಳನೇ ಇಷ್ಟ.