ಬಿಲ್ಲೆಯ ಮೇಲೆ ನಂಬರು, ಪುಸ್ತಕದಲ್ಲಿ ಹೆಸರು

ಅಮೆರಿಕದ ಸಿಪಾಯಿಗಳು ಅದನ್ನು 'ಡಾಗ್ ಟ್ಯಾಗ್' ಅಂತ ಕರೆಯುತ್ತಾರೆ. ನಾಯಿ ಕೊರಳಿಗೆ ಕಟ್ಟೋ ಬಿಲ್ಲೆ ಅಂತ ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಇಟ್ಟ ಹೆಸರು. ಸರಕ್ಕೆ ಪೋಣಿಸಿ ಕೊರಳಲ್ಲಿ ಹಾಕಿಕೊಳ್ಳುವ ಒಂದು ಸಣ್ಣ ತಗಡು, ಅಷ್ಟೇ. ಎರಡನೇ ಮಹಾಯುದ್ಧ ಮುಗಿದು 80 ವರ್ಷ ಆದಮೇಲೂ ಫ್ರಾನ್ಸ್, ಇಟಲಿ, ಇಂಗ್ಲೆಂಡಿನ ಹೊಲಗಳಲ್ಲಿ, ಪೆಸಿಫಿಕ್ ದ್ವೀಪಗಳ ಮರಳಲ್ಲಿ ಇಂಥ ಬಿಲ್ಲೆಗಳು ಸಿಗ್ತಾನೇ ಇವೆ. ಉಳುಮೆ ಮಾಡುವಾಗ ರೈತರಿಗೆ ಸಿಗುತ್ತೆ, ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವವರಿಗೆ ಸಿಗುತ್ತೆ. ಸಿಕ್ಕವರಲ್ಲಿ ಕೆಲವರು ಅದರ ವಾರಸುದಾರರನ್ನು ಹುಡುಕಲು ಹೊರಡುತ್ತಾರೆ. ಹೆಸರು ಬರೆದಿದೆಯಲ್ಲ, ಗೂಗಲ್ ಮಾಡಿದ್ರೆ ಮುಗೀತು ಅನ್ನಿಸಬಹುದು. ಅಷ್ಟು ಸುಲಭ ಅಲ್ಲ. ಎಷ್ಟೋ ಬಿಲ್ಲೆಗಳ ಮೇಲೆ ಹೆಸರೇ ಇರೋದಿಲ್ಲ.

ಮೊದಲು ಈ ಬಿಲ್ಲೆ ಯಾಕೆ ಬಂತು ನೋಡೋಣ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕೋಲ್ಡ್ ಹಾರ್ಬರ್ ಕದನಕ್ಕೆ ಮುಂಚೆ, ಸಿಪಾಯಿಗಳು ತಮ್ಮ ಹೆಸರು, ಊರು ಬರೆದ ಚೀಟಿಗಳನ್ನು ಕೋಟಿನ ಬೆನ್ನಿಗೆ ಪಿನ್ ಮಾಡಿಕೊಳ್ಳುತ್ತಿದ್ದರಂತೆ. ನಾಳೆ ಸಾಯ್ತೀವಿ ಅನ್ನೋದು ಅವರಿಗೆ ಹೆಚ್ಚುಕಮ್ಮಿ ಗೊತ್ತಿತ್ತು. ಸತ್ತಮೇಲೆ ಹೆಸರಿಲ್ಲದ ಗುಂಡಿಗೆ ಬೀಳಬಾರದು ಅನ್ನೋದಷ್ಟೇ ಅವರ ಆಸೆ. ಸರ್ಕಾರ ಕೊಡದ್ದನ್ನು ಅವರೇ ಕಾಗದದಲ್ಲಿ ಮಾಡಿಕೊಂಡರು. ಅಮೆರಿಕದ ಸೈನ್ಯ ಅಧಿಕೃತವಾಗಿ ಬಿಲ್ಲೆ ಕೊಡೋಕೆ ಆದೇಶ ಹೊರಡಿಸಿದ್ದು 1906ರಲ್ಲಿ. 1916ರಲ್ಲಿ ಒಂದರ ಜಾಗದಲ್ಲಿ ಎರಡು ಬಿಲ್ಲೆ ಬಂದವು. ಒಂದು ದೇಹದ ಜೊತೆ ಉಳಿಯೋಕೆ, ಇನ್ನೊಂದು ಲೆಕ್ಕಕ್ಕೆ.

ಎರಡು ಯಾಕೆ ಬೇಕು ಅನ್ನೋದಕ್ಕೆ ಬ್ರಿಟಿಷ್ ಸೈನ್ಯದ ಕಥೆ ನೋಡಬೇಕು. ಅವರು 1907ರಿಂದ ಒಂದೇ ಒಂದು ಬಿಲ್ಲೆ ಕೊಡ್ತಿದ್ದರು. ಸಿಪಾಯಿ ಸತ್ತರೆ, ಸಾವಿನ ವರದಿಗೆ ಬೇಕು ಅಂತ ಅದನ್ನು ಬಿಚ್ಚಿಕೊಂಡು ಹೋಗೋರು. ಕಚೇರಿಗೆ ಸಾವಿನ ಸುದ್ದಿ ಸರಿಯಾಗೇ ಮುಟ್ಟೋದು. ಆದರೆ ರಣರಂಗದಲ್ಲಿ ಉಳಿದ ಹೆಣಕ್ಕೆ ಗುರುತೇ ಇರ್ತಿರಲಿಲ್ಲ. ಹೂಳುವವರು ವಾರ ಬಿಟ್ಟು ಬಂದರೆ ಇದು ಯಾರು ಅಂತ ಹೇಳೋಕೆ ಏನೂ ಇಲ್ಲ. ಇದನ್ನು ಸರಿಪಡಿಸಿ ಹಸಿರೊಂದು, ಕೆಂಪೊಂದು, ಹೀಗೆ ಎರಡು ಬಿಲ್ಲೆ ಕೊಡೋಕೆ ತೀರ್ಮಾನ ಆಗಿದ್ದು 1916ರ ಸೆಪ್ಟೆಂಬರಿನಲ್ಲಿ. ಸೋಮ್ ಕದನ ಶುರುವಾಗಿದ್ದು ಅದೇ ವರ್ಷ ಜುಲೈ 1ಕ್ಕೆ. ಬ್ಯಾಕಪ್ ಬಂದಿದ್ದು ಎರಡು ತಿಂಗಳು ತಡವಾಗಿ. ಸಾಲದ್ದಕ್ಕೆ ಆ ಬಿಲ್ಲೆಗಳನ್ನು ಒತ್ತಿದ ನಾರಿನಿಂದ ಮಾಡಿದ್ದರು. ಒದ್ದೆ ಮಣ್ಣಲ್ಲಿ ಕೊಳೆತು ಹೋಗ್ತಿದ್ದವು.

ಎರಡನೇ ಮಹಾಯುದ್ಧದ ಅಮೆರಿಕನ್ ಬಿಲ್ಲೆ ಲೋಹದ್ದು, ಓದೋಕೂ ಸುಲಭ. ಹೆಸರು, ಸರ್ವಿಸ್ ನಂಬರು, ಟೆಟನಸ್ ಚುಚ್ಚುಮದ್ದು ಹಾಕಿದ ವರ್ಷ, ರಕ್ತದ ಗುಂಪು, ಧರ್ಮಕ್ಕೆ ಒಂದಕ್ಷರ: ಪ್ರೊಟೆಸ್ಟೆಂಟರಿಗೆ 'ಪಿ', ಕ್ಯಾಥೊಲಿಕರಿಗೆ 'ಸಿ', ಯೆಹೂದಿಗಳಿಗೆ 'ಎಚ್'. ನಂಬರಿನ ಮೊದಲ ಅಂಕಿಯೇ ಒಂದಿಷ್ಟು ಕಥೆ ಹೇಳುತ್ತೆ. 1 ಇದ್ದರೆ ತಾನಾಗೇ ಸೇರಿದವನು, 2 ಇದ್ದರೆ ನ್ಯಾಷನಲ್ ಗಾರ್ಡ್‌ನಿಂದ ಬಂದವನು, 3 ಇದ್ದರೆ ಕಡ್ಡಾಯ ಭರ್ತಿಯಲ್ಲಿ ಬಂದವನು. ಎರಡನೇ ಅಂಕಿ ದೇಶದ ಯಾವ ಭಾಗದಲ್ಲಿ ಸೇರಿದ ಅನ್ನೋದನ್ನು ಹೇಳುತ್ತೆ. 39ರಿಂದ ಶುರುವಾದರೆ ಪಶ್ಚಿಮದ ರಾಜ್ಯಗಳ ಕಡೆ ಭರ್ತಿಯಾದವನು. 1941ರ ಕೊನೆಯಿಂದ 1943ರ ಮಧ್ಯದವರೆಗಿನ ಬಿಲ್ಲೆಗಳಲ್ಲಿ ಅಪ್ಪನೋ ಅಮ್ಮನೋ ಹೆಂಡತಿಯೋ, ಅವರ ಹೆಸರು, ವಿಳಾಸ ಕೂಡ ಇರುತ್ತೆ. ಹುಡುಕುವವರಿಗೆ ಇಂಥದ್ದು ಸಿಕ್ಕರೆ ಹಬ್ಬ.

ಮುಂದಿನ ದಾರಿ ಕಾಗದದ್ದು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಆಗ ಸೈನ್ಯಕ್ಕೆ ಸೇರಿದವರ ಸುಮಾರು 90 ಲಕ್ಷ ದಾಖಲೆಗಳು ಆನ್‌ಲೈನ್‌ನಲ್ಲಿವೆ. ಮೂಲ ದಾಖಲೆಗಳು ಪಂಚ್ ಕಾರ್ಡುಗಳು. ಅವನ್ನು ಮೈಕ್ರೋಫಿಲ್ಮ್ ಮಾಡಿ, ಎಷ್ಟೋ ವರ್ಷ ಆದಮೇಲೆ ಆ ಫಿಲ್ಮನ್ನು ಸ್ಕ್ಯಾನ್ ಮಾಡಿದ್ದು. ಹಾಗಾಗಿ ಒಂದಂಕಿ ಆಚೀಚೆ, ಹೆಸರಲ್ಲೊಂದು ಅಕ್ಷರ ಮಂಗಮಾಯ, ಇದೆಲ್ಲ ಮಾಮೂಲು. ಆಮೇಲೆ ಆತನ ಸರ್ವಿಸ್ ಫೈಲ್ ಬೇಕು. ಅದು ಸೇಂಟ್ ಲೂಯಿಸ್‌ನಲ್ಲಿತ್ತು. 1973ರ ಜುಲೈ 12ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಫೈಲುಗಳು ಸುಟ್ಟುಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ನೂರಕ್ಕೆ 80 ಹೋಯ್ತು. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಯಾವ ಫೈಲ್ ಇತ್ತು ಅನ್ನೋ ಇಂಡೆಕ್ಸ್ ಕೂಡ ಇರಲಿಲ್ಲ. ಡೇಟಾಬೇಸ್ ಜೊತೆ ಹೊಟ್ಟೆ ಹೊರೆಯೋ ನನ್ನಂಥವರಿಗೆ ಇದನ್ನು ಓದಿದಾಗೆಲ್ಲ ಎದೆ ಝಲ್ಲೆನ್ನುತ್ತೆ.

ಆದರೂ ಜನ ಬಿಡೋದಿಲ್ಲ. ಸಂಬಳದ ಪಟ್ಟಿ, ತುಕಡಿಯ ದಿನಚರಿ, ಪಿಂಚಣಿ ಕಾಗದ ಜೋಡಿಸ್ತಾರೆ. ಅಲ್ಲಿ ಜನಗಣತಿಯ ಮನೆಮನೆ ಹಾಳೆಗಳನ್ನು 72 ವರ್ಷಕ್ಕೆ ಸಾರ್ವಜನಿಕರಿಗೆ ಬಿಡ್ತಾರೆ. 1940ರದ್ದು 2012ರಲ್ಲಿ ಬಂತು, 1950ರದ್ದು 2022ರಲ್ಲಿ. ಒಂದರಲ್ಲಿ ಅಪ್ಪನ ಮನೆಯಲ್ಲಿದ್ದ ಹುಡುಗ ಇನ್ನೊಂದರಲ್ಲಿ ಹೆಂಡತಿ ಮಕ್ಕಳ ಜೊತೆ ಸಿಕ್ಕರೆ, ಅವನು ಬದುಕಿ ವಾಪಸ್ ಬಂದಿದ್ದ ಅಂತ ಅರ್ಥ. ಕೊನೆಗೆ ಊರಿನ ಪತ್ರಿಕೆಯ ನಿಧನವಾರ್ತೆ. ಅದರಲ್ಲಿ ಮಕ್ಕಳ, ಮೊಮ್ಮಕ್ಕಳ ಹೆಸರಿರುತ್ತೆ. ಹುಡುಕಾಟ ಸಾಮಾನ್ಯವಾಗಿ ಮುಗಿಯೋದು ಅಲ್ಲೇ.

ಜರ್ಮನ್ ಬಿಲ್ಲೆಯ ವಿಷಯ ಬೇರೆ. ಅಂಡಾಕಾರದ ತಗಡು, ನಡುವೆ ಮುರಿಯೋಕೆ ಅನುಕೂಲವಾಗೋ ಹಾಗೆ ಸಾಲಾಗಿ ಸೀಳು. ಮೇಲೆ ಕೆಳಗೆ ಎರಡೂ ಕಡೆ ಒಂದೇ ಬರಹ. ಸತ್ತರೆ ಕೆಳಗಿನ ಅರ್ಧ ಮುರಿದು ಕಳಿಸೋದು, ಮೇಲಿನರ್ಧ ದೇಹದ ಜೊತೆ ಬಿಡೋದು. ಆದರೆ ಅದರಲ್ಲಿ ಹೆಸರಿಲ್ಲ! ತುಕಡಿಯ ಗುರುತು, ಪಟ್ಟಿಯಲ್ಲಿನ ಕ್ರಮಸಂಖ್ಯೆ, ರಕ್ತದ ಗುಂಪು, ಇಷ್ಟೇ. ನಮ್ಮೂರ ಹೊಲದ ಬಾಂದುಕಲ್ಲು ಇದ್ದ ಹಾಗೆ. ಕಲ್ಲು ನೋಡಿದರೆ ಜಮೀನು ಯಾರದ್ದು ಅಂತ ಗೊತ್ತಾಗಲ್ಲ, ಸರ್ವೆ ನಂಬರು ಹಿಡಿದು ಪಹಣಿ ತೆಗೆಸಬೇಕು. ಜರ್ಮನರ ಪಹಣಿ ಇದ್ದಿದ್ದು ಬರ್ಲಿನ್‌ನಲ್ಲಿ, 1939ರ ಆಗಸ್ಟಿನಲ್ಲಿ ಶುರುವಾದ ಒಂದು ಕಚೇರಿಯಲ್ಲಿ. ಪ್ರತಿ ತುಕಡಿಯಿಂದಲೂ ಬಿಲ್ಲೆಗಳ ಪಟ್ಟಿ ಅಲ್ಲಿಗೆ ಹೋಗ್ತಿತ್ತು. ಅಲ್ಲಿನ ಕಾರ್ಡುಗಳಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. 2019ರಿಂದ ಅದು ಜರ್ಮನಿಯ ಕೇಂದ್ರ ಪತ್ರಾಗಾರದ ಭಾಗ. ಈಗಲೂ ಪೂರ್ವ ಯುರೋಪಿನ ಮಣ್ಣಲ್ಲಿ ಪ್ರತಿ ವರ್ಷ ಸಾವಿರಾರು ಅಸ್ಥಿಪಂಜರ ಸಿಗುತ್ತವೆ. ಬಿಲ್ಲೆಯ ನಂಬರು ಪತ್ರಾಗಾರಕ್ಕೆ ಹೋದರೆ ಹೆಸರು ಹೊರಬರುವ ಸಾಧ್ಯತೆ ಇದೆ.

ಸೋವಿಯತ್ ಸೈನ್ಯ 1941ರಲ್ಲಿ ಬಿಲ್ಲೆ ಬದಲು ಎಬೊನೈಟಿನ ಸಣ್ಣ ಡಬ್ಬಿ ಕೊಟ್ಟಿತು. ಒಳಗೆ ಸುರುಳಿ ಮಾಡಿದ ಕಾಗದ. ಹೆಸರು, ಊರು, ಮನೆಯವರ ವಿವರ ಸಿಪಾಯಿಯೇ ತುಂಬಬೇಕು. ಎಷ್ಟೋ ಜನ ತುಂಬಲೇ ಇಲ್ಲ. ತುಂಬಿದರೆ ಸಾವನ್ನು ಕರೆದ ಹಾಗೆ ಅನ್ನೋ ನಂಬಿಕೆ. ಡಬ್ಬಿಯಲ್ಲಿ ಸೂಜಿ ಇಟ್ಟುಕೊಂಡವರಿದ್ದಾರೆ. 1942ರ ನವೆಂಬರಿನಲ್ಲಿ ಆ ಡಬ್ಬಿಯೂ ರದ್ದಾಯ್ತು. ಇವತ್ತಿಗೂ ರಷ್ಯಾದ ಕಾಡು, ಜೌಗುಗಳಲ್ಲಿ ಸ್ವಯಂಸೇವಕರು ಅಗೆಯುತ್ತಾರೆ. ಡಬ್ಬಿ ಸಿಕ್ಕರೆ ಅಲ್ಲೇ ಬಿಚ್ಚೋದಿಲ್ಲ, ಗಾಳಿ ತಾಗಿದರೆ ಕಾಗದ ಹಾಳಾಗಬಹುದು ಅಂತ ಪರಿಣತರ ಹತ್ತಿರ ಒಯ್ಯುತ್ತಾರೆ. ಬಿಚ್ಚಿದಮೇಲೆ ಖಾಲಿ ಕಾಗದ ಬಂದರೂ ಬಂತು. ಆಗ ಉಳಿಯೋದು ಊಟದ ಚಮಚದ ಹಿಡಿ. ಅದರ ಮೇಲೆ ಮೊಳೆಯಲ್ಲೋ ಚಾಕುವಿನಲ್ಲೋ ಹೆಸರು ಗೀರಿಕೊಂಡಿರುತ್ತಿದ್ದರು. ಚಮಚ ಕದ್ದುಹೋಗಬಾರದು ಅಂತ ಗೀರಿದ್ದು ಎಷ್ಟೋ ವರ್ಷದ ಮೇಲೆ ಹೆಸರು ಉಳಿಸಿದೆ.

ಇಲ್ಲಿ ಹುಡುಕುವವರು ಮರೆಯಬಾರದ ಮಾತೊಂದಿದೆ. ಬಿಲ್ಲೆ ಸಿಕ್ಕ ಜಾಗವೂ ದಾಖಲೆಯೇ. ಎಲುಬಿನ ಜೊತೆ ಇತ್ತಾ, ಒಂಟಿಯಾಗಿತ್ತಾ, ಎಷ್ಟು ಆಳ, ಯಾವ ಹೊಲ, ಎಲ್ಲ ಬೇಕು. ಯುರೋಪಿನಲ್ಲಿ ಯುದ್ಧದ ವಸ್ತು ಸಂಗ್ರಹಿಸುವವರ ದೊಡ್ಡ ಸಂತೆಯೇ ಇದೆ. ಅವರಿಗೆ ಮಾರೋಕೆ ಅಂತ ರಾತ್ರಿ ಹೊತ್ತು ಅಗೆದು, ಬಿಲ್ಲೆ ಎತ್ತಿಕೊಂಡು ಎಲುಬು ಬಿಟ್ಟು ಹೋಗೋರಿದ್ದಾರೆ. ಆ ಬಿಲ್ಲೆ ಯಾರದ್ದೋ ಕಪಾಟು ಸೇರುತ್ತೆ, ಆ ದೇಹಕ್ಕೆ ಹೆಸರು ಸಿಗುವ ದಾರಿ ಮುಚ್ಚುತ್ತೆ. 1916ಕ್ಕೆ ಮುಂಚೆ ಒಂದೇ ಬಿಲ್ಲೆ ಬಿಚ್ಚಿಕೊಂಡು ಹೋದಾಗ ಆಗಿದ್ದೇ ಮತ್ತೆ ಆಗುತ್ತೆ.

ಬಿಲ್ಲೆ ಸಿಕ್ಕಿತು ಅಂದರೆ ಸತ್ತ ಅಂತಲೂ ಅಲ್ಲ. ಸ್ನಾನಕ್ಕೆ ಬಿಚ್ಚಿಟ್ಟು ಮರೆತವರು, ಸರ ಹರಿದು ಕಳೆದುಕೊಂಡವರು ಬೇಕಾದಷ್ಟು. ವಿಯೆಟ್ನಾಂ ವಿಷಯದಲ್ಲಿ ಇದು ತುಂಬಾ ನೋವು ಕೊಟ್ಟ ಸಂಗತಿ. ಹೋ ಚಿ ಮಿನ್ ನಗರದ ಅಂಗಡಿಗಳಲ್ಲಿ ಅಮೆರಿಕನ್ ಬಿಲ್ಲೆಗಳು ರಾಶಿ ಬಿದ್ದಿದ್ದವು, ನಕಲಿಗಳೂ ಧಾರಾಳ. ಬಿಲ್ಲೆ ಸಿಕ್ಕಿದೆ ಅಂತ ಬಂದ ವರದಿಗಳಲ್ಲಿ ಬಹುಪಾಲು ಜೀವಂತ ಮನೆಗೆ ಬಂದವರದ್ದು. ಆದರೆ ಮಗ ನಾಪತ್ತೆಯಾದ ಮನೆಗೆ ಅಂಥ ಸುದ್ದಿ ಮುಟ್ಟಿದರೆ ಏನಾಗುತ್ತೆ ಯೋಚಿಸಿ. ಅದಕ್ಕೇ ತಿಳಿದವರು ಹೆಸರು, ನಂಬರು, ಜಾಗ ಮೂರೂ ಹೊಂದುವ ತನಕ ಮನೆಯವರಿಗೆ ಫೋನ್ ಮಾಡೋದಿಲ್ಲ.

ನಮ್ಮ ದೇಶಕ್ಕೂ ಇದು ದೂರದ ಕಥೆ ಅಲ್ಲ. 2016ರಲ್ಲಿ ಉತ್ತರ ಫ್ರಾನ್ಸಿನ ರಿಷ್‌ಬೂರ್ ಹತ್ತಿರ ಅಗೆಯುವಾಗ ಇಬ್ಬರು ಭಾರತೀಯ ಸಿಪಾಯಿಗಳ ಅವಶೇಷ ಸಿಕ್ಕಿತು. ಸಮವಸ್ತ್ರದ ಲಾಂಛನದಿಂದ 39ನೇ ಗಢವಾಲ್ ರೈಫಲ್ಸ್‌ನವರು ಅಂತ ಗೊತ್ತಾಯ್ತು. ಹೆಸರು ಗೊತ್ತಾಗಲಿಲ್ಲ. 2017ರ ನವೆಂಬರಿನಲ್ಲಿ ಲಾವಾಂತಿ ಸೈನಿಕ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡಿದರು. ಅಲ್ಲೇ ಹತ್ತಿರದ ನ್ಯೂವ್ ಶಪೆಲ್ ಸ್ಮಾರಕದ ಗೋಡೆಯ ಮೇಲೆ, ಗೋರಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಅದರಲ್ಲಿ ಎರಡು ಇವರದ್ದೇ ಇರಬಹುದು. ಯಾವ ಎರಡು ಅಂತ ಹೇಳೋರಿಲ್ಲ.

ಇನ್ನೊಂದು ಸಿಯಾಚಿನ್‌ನದು. 1984ರ ಮೇ ತಿಂಗಳಲ್ಲಿ ಆಪರೇಷನ್ ಮೇಘದೂತ್ ಸಮಯದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ 19 ಕುಮಾವ್ ಪಡೆಯ ಒಬ್ಬ ಲ್ಯಾನ್ಸ್ ನಾಯಕರ ಅವಶೇಷ 2022ರ ಆಗಸ್ಟಿನಲ್ಲಿ ಸಿಕ್ಕಿತು. ಜೊತೆಯಲ್ಲಿ ಬಿಲ್ಲೆ ಇತ್ತು, ಅದರ ಮೇಲೆ ಸೈನ್ಯದ ನಂಬರು. ಆ ನಂಬರು ಹಿಡಿದು ದಾಖಲೆ ತೆಗೆದರು, ಹೆಸರು ಬಂತು. ಉತ್ತರಾಖಂಡದ ಹಲ್ದ್ವಾನಿಯಲ್ಲಿ ಅವರ ಹೆಂಡತಿ, ಹೆಣ್ಣುಮಕ್ಕಳು ಇದ್ದರು. 38 ವರ್ಷದ ಮೇಲೆ ದೇಹ ಮನೆಗೆ ಬಂತು, ಅಂತ್ಯಕ್ರಿಯೆ ಆಯ್ತು. ತಗಡಿನ ಮೇಲೆ ಅಂಕಿ ಅಳಿಸಿರಲಿಲ್ಲ; ಅಷ್ಟೇ ಮುಖ್ಯವಾಗಿ, 1984ರ ಆ ಪುಸ್ತಕವನ್ನು ಯಾರೋ ಗುಮಾಸ್ತರು ರದ್ದಿಗೆ ಹಾಕಿರಲಿಲ್ಲ.